ಮೂರು ಮಾತ್ರೆಗೆ ಉರಿ ನಿಂತಿತು. ಅಷ್ಟಕ್ಕೆ ರೋಗ ಹೋಯಿತು ಅಂತಲಾ?

ನೈಟ್‌ಶಿಫ್ಟ್_ನರಸಾಪುರ · ಭಾನುವಾರ ರಾತ್ರಿ 11.50

ಹೆಸರು ಹೇಳಲು ಧೈರ್ಯ ಇಲ್ಲ, ಅದಕ್ಕೇ ಹೊಸ ಖಾತೆ ತೆರೆದು ಬರೆಯುತ್ತಿದ್ದೇನೆ. ವಯಸ್ಸು 27. ಕೆಲಸ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ, ರೂಮು ಕೋಲಾರದಲ್ಲಿ.

ಮೂರು ವಾರದ ಹಿಂದೆ ಗೆಳೆಯರ ಜೊತೆ ಟ್ರಿಪ್ ಹೋಗಿದ್ದೆ. ಅಲ್ಲಿ ಒಬ್ಬರ ಜೊತೆ ಮಲಗಿದೆ. ಕಾಂಡೋಮ್ ಇರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮೂತ್ರ ಮಾಡುವಾಗ ಮೆಣಸಿನಪುಡಿ ಎರಚಿದ ಹಾಗೆ ಉರಿ. ಮಾರನೇ ದಿನ ಚಡ್ಡಿಯಲ್ಲಿ ಹಳದಿ ಕಲೆ. ನೋಡಿದರೆ ತುದಿಯಲ್ಲಿ ಕೀವು.

ಮೆಡಿಕಲ್ ಶಾಪ್‌ಗೆ ಹೋದೆ. ಹೆಂಗಸರೆಲ್ಲ ಹೋಗುವ ತನಕ ಪೇಸ್ಟು, ಸೋಪು ನೋಡುತ್ತಾ ನಿಂತಿದ್ದೆ. ಆಮೇಲೆ ಮೆಲ್ಲಗೆ ಹೇಳಿದೆ. ಅವರು ಸ್ಟ್ರಿಪ್ ಕತ್ತರಿಸಿ ಮೂರು ಮಾತ್ರೆ ಕೊಟ್ಟರು. "ಹೀಟ್ ಆಗಿರಬೇಕು, ಎಳನೀರು ಕುಡಿ" ಅಂದರು. ಮೂರು ದಿನಕ್ಕೆ ಉರಿ ನಿಂತಿತು. ಕೀವೂ ಹೆಚ್ಚುಕಮ್ಮಿ ನಿಂತಿದೆ. ಬೆಳಿಗ್ಗೆ ಎದ್ದಾಗ ಮಾತ್ರ ಒಂದು ಹನಿ, ಅಂಟಂಟು.

ಇದು ವಾಸಿ ಆಯಿತು ಅಂತ ಲೆಕ್ಕನಾ? ಇನ್ನು ನಾಲ್ಕು ತಿಂಗಳಿಗೆ ನನ್ನ ಮದುವೆ.

ಮುಳಬಾಗಿಲು_ದೋಸೆ · ಸೋಮವಾರ ಬೆಳಿಗ್ಗೆ 7.15

ಟೆನ್ಶನ್ ಬೇಡ ಗುರು. ಶಿಫ್ಟಿನಲ್ಲಿ ನೀರು ಕುಡಿಯದೆ ನಿಂತರೆ ಯಾರಿಗಾದರೂ ಉರಿ ಬರುತ್ತದೆ. ನನಗೆ ಪ್ರತಿ ಏಪ್ರಿಲ್‌ಗೆ ತಪ್ಪಿದ್ದಲ್ಲ. ಬಾರ್ಲಿ ನೀರು, ಎಳನೀರು, ರಾತ್ರಿ ನೆನೆಸಿದ ಮೆಂತ್ಯ. ಅಂಗಾಲಿಗೆ ಹರಳೆಣ್ಣೆ ಹಚ್ಚಿ ತಲೆಗೆ ಸ್ನಾನ ಮಾಡು. ಎರಡೇ ದಿನ.

ಸುರಕ್ಷಾ_ಅಕ್ಕ · ಸೋಮವಾರ ಬೆಳಿಗ್ಗೆ 9.40

ನಾನು ಹನ್ನೊಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕಿನ ಕ್ಲಿನಿಕ್ಕಿನ ಕೌನ್ಸೆಲರ್ ಆಗಿದ್ದವಳು. ಈಗ ಆ ಕೆಲಸದಲ್ಲಿಲ್ಲ. ಆದರೆ ಈ ಕಥೆಯನ್ನು ಇದೇ ಮಾತುಗಳಲ್ಲಿ ನೂರಾರು ಸಲ ಕೇಳಿದ್ದೇನೆ. ಪೇಸ್ಟು ಸೋಪು ನೋಡುತ್ತಾ ನಿಲ್ಲುವುದೂ ಸೇರಿ.

ದೋಸೆಯವರೇ, ಎಳನೀರು ಕುಡಿಯಲಿ, ತಪ್ಪಿಲ್ಲ. ನೀರು ಕಮ್ಮಿಯಾದರೆ ಮೂತ್ರ ಹಳದಿ ಆಗುತ್ತದೆ, ಉರಿಯುತ್ತದೆ. ಕೀವು ಬರುವುದಿಲ್ಲ. ಕೀವು ಬಂದರೆ ಒಳಗೆ ರೋಗಾಣು ಇದೆ ಎಂದೇ ಅರ್ಥ. ನಮ್ಮ ಗಡಿ ಕಡೆ ತೆಲುಗಿನಲ್ಲಿ ಈ ರೋಗಕ್ಕೆ 'ಸೆಗ' ಅನ್ನುತ್ತಾರೆ. ಸೆಗ ಅಂದರೆ ಕಾವು. ಹೆಸರೇ ಹೀಗಿದ್ದ ಮೇಲೆ ಜನ ಎಳನೀರಿಗೆ ಓಡದೆ ಇನ್ನೇನು ಮಾಡುತ್ತಾರೆ?

ನೈಟ್‌ಶಿಫ್ಟ್ ಅವರೇ, ಜೊತೆ ಮಲಗಿದ ಎರಡರಿಂದ ಏಳು ದಿನದೊಳಗೆ ಜೋರು ಉರಿ, ದಪ್ಪ ಹಳದಿ ಕೀವು ಅಂದರೆ ಮೊದಲು ಗೊನೋರಿಯಾದ ಅನುಮಾನ ಬರುತ್ತದೆ. ಅದರ ಜೊತೆಗೇ ಅನೇಕ ಸಲ ಇನ್ನೊಂದು ಬಂದಿರುತ್ತದೆ, ಕ್ಲಮೀಡಿಯಾ. ಅದು ನಿಧಾನದ್ದು, ಒಂದರಿಂದ ಮೂರು ವಾರ ತೆಗೆದುಕೊಳ್ಳುತ್ತದೆ. ಕೀವು ನೀರುನೀರಾಗಿ, ಕಮ್ಮಿ ಇರುತ್ತದೆ. ಎಷ್ಟೋ ಗಂಡಸರಿಗೆ ಗೊತ್ತೇ ಆಗುವುದಿಲ್ಲ. ನೀವು ಹೇಳಿದ ಆ ಬೆಳಗಿನ ಒಂದು ಹನಿ ನನಗೆ ಇಷ್ಟ ಆಗಲಿಲ್ಲ. ಒಂದೋ ಮೊದಲನೆಯದು ಅರ್ಧ ಸತ್ತು ಅಡಗಿದೆ, ಇಲ್ಲವೇ ಎರಡನೆಯದು ಉಳಿದಿದೆ. ಬರೀ ಕಣ್ಣಿನಿಂದ ಯಾವುದು ಅಂತ ನಾನೂ ಹೇಳಲಾರೆ, ಡಾಕ್ಟರೂ ಹೇಳಲಾರರು. ಅದಕ್ಕೇ ಎರಡಕ್ಕೂ ಸೇರಿಸಿಯೇ ಔಷಧಿ ಕೊಡುತ್ತಾರೆ.

ಹೀಗೇ ಬಿಟ್ಟರೆ ಬೀಜದ ಹತ್ತಿರ ಬಾವು ಬರಬಹುದು, ಮೂತ್ರದ ದಾರಿ ಮುಂದೆ ಕಿರಿದಾಗಬಹುದು. ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಲ್ಲಿ 'ಸುರಕ್ಷಾ ಕ್ಲಿನಿಕ್' ಅಂತ ಕೇಳಿ. ಹಾಗೆ ಕೇಳಲು ನಾಚಿಕೆ ಆದರೆ ಚೀಟಿ ಬರೆಸುವಾಗ 'ಚರ್ಮ' ಅನ್ನಿ, ಅಲ್ಲಿಂದ ಕಳಿಸುತ್ತಾರೆ. ಪರೀಕ್ಷೆ, ಔಷಧಿ ಎಲ್ಲ ಉಚಿತ.

ಔಷಧಿ_ಡಬ್ಬಿ · ಸೋಮವಾರ ಮಧ್ಯಾಹ್ನ 2.10

ಇಪ್ಪತ್ತು ವರ್ಷದಿಂದ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಯಾವ ಊರು ಅಂತ ಬೇಡ.

ಆ ಮೂರು ಮಾತ್ರೆ ನಮ್ಮ ಕಸುಬಿನ ಕೆಟ್ಟ ಚಾಳಿ. ಬಹುಶಃ ಸಿಪ್ರೊ ಇರಬೇಕು. ಒಂದು ಕಾಲಕ್ಕೆ ಗೊನೋರಿಯಾಕ್ಕೆ ಸಿಪ್ರೊಫ್ಲಾಕ್ಸಸಿನ್ ಒಂದೇ ಮಾತ್ರೆ ಸಾಕಿತ್ತು. ಅದಕ್ಕೂ ಹಿಂದೆ, 1940ರ ದಶಕದಲ್ಲಿ, ಪೆನಿಸಿಲಿನ್ ಸಾಕಿತ್ತು. ಈ ರೋಗಾಣು ಒಂದೊಂದನ್ನೇ ಕಲಿತು ದಾಟಿಬಿಟ್ಟಿದೆ. ಈಗ ನಮ್ಮ ದೇಶದಲ್ಲಿ ಸಿಪ್ರೊಗೆ ಅದು ಬಹುತೇಕ ಬಗ್ಗುವುದೇ ಇಲ್ಲ. ಮುಖ್ಯವಾಗಿ ಉಳಿದಿರುವುದು ಸೆಫಿಕ್ಸಿಮ್ ಮಾತ್ರೆ, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಇವನ್ನೂ ಅರ್ಧಂಬರ್ಧ ನುಂಗಿಸಿ ಹಾಳು ಮಾಡಿದರೆ ಮುಂದೆ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ.

ಇನ್ನೊಂದು ವಿಷಯ. ಸೆಫಿಕ್ಸಿಮ್ ಸರ್ಕಾರದ ಎಚ್1 ಔಷಧಿ ಪಟ್ಟಿಯಲ್ಲಿದೆ. ಡಾಕ್ಟರ್ ಚೀಟಿ ಇಲ್ಲದೆ ಕೊಡುವಂತಿಲ್ಲ. ಕೊಟ್ಟರೆ ರೋಗಿ, ಡಾಕ್ಟರ್ ಇಬ್ಬರ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆದ್ದರಿಂದ ಚೀಟಿ ಇಲ್ಲದೆ ಕಿವಿಯಲ್ಲಿ ಹೇಳಿದವರಿಗೆ ಕೆಲವರು ಪಟ್ಟಿಯಲ್ಲಿ ಇಲ್ಲದ್ದನ್ನು ಹುಡುಕಿ ಕೊಡುತ್ತಾರೆ. ಗಿರಾಕಿಗೆ ಮುಜುಗರ ತಪ್ಪಿತು, ಅಂಗಡಿಯವನಿಗೆ ಮೂವತ್ತು ರೂಪಾಯಿ ವ್ಯಾಪಾರ ಆಯಿತು. ರೋಗ ಎಲ್ಲಿತ್ತೋ ಅಲ್ಲೇ.

ಕ್ಲಾಕ್‌ಟವರ್ · ಸೋಮವಾರ ಸಂಜೆ 6.30

ಮಾಡುವುದೆಲ್ಲ ಮಾಡಿ ಈಗ ಇಲ್ಲಿ ಬಂದು ಅಳುವುದು. ಮದುವೆ ಗೊತ್ತಾದ ಹುಡುಗನಿಗೆ ಟ್ರಿಪ್ಪು ಬೇಕಿತ್ತಾ? ಸಂಸ್ಕಾರ ಇದ್ದವರಿಗೆ ಇಂಥ ರೋಗ ಬರುವುದಿಲ್ಲ.

ಮಂಡಿ_ಲೆಕ್ಕ · ಸೋಮವಾರ ರಾತ್ರಿ 8.05

ಸ್ವಾಮಿ, ನಾನು ಟೊಮೊಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಜೂನ್‌ನಿಂದ ಆಗಸ್ಟ್ ತನಕ ಲಾರಿ ಸಾಲು ನೋಡಿದ್ದೀರಲ್ಲ. ಆ ಡ್ರೈವರು, ಕ್ಲೀನರು ಹದಿನೈದು ಇಪ್ಪತ್ತು ದಿನ ಮನೆ ಮುಖ ನೋಡುವುದಿಲ್ಲ. ಮನೆಯಲ್ಲೇ ಇದ್ದ ಹೆಂಡತಿಗೂ ರೋಗ ಬಂದಿದ್ದು ನೋಡಿದ್ದೇನೆ. ಅವಳ ಸಂಸ್ಕಾರಕ್ಕೆ ಏನಾಗಿತ್ತು? ನೀವು ಹೀಗೆ ಬೈದರೆ ಆ ಹುಡುಗ ಮತ್ತೆ ಮೂರು ಮಾತ್ರೆಗೇ ಹೋಗುತ್ತಾನೆ. ಬೈಯುವುದಿದ್ದರೆ ವಾಸಿ ಆದ ಮೇಲೆ ಬೈಯಿರಿ.

ಲಾರಿ_ಹಳಬ · ಸೋಮವಾರ ರಾತ್ರಿ 10.45

ಮಗನ ಫೋನಿನಲ್ಲಿ ಬರೆಯುತ್ತಿದ್ದೇನೆ, ಅವನು ಮಲಗಿದ್ದಾನೆ. ಟೈಪ್ ಮಾಡಲು ನಿಧಾನ, ಸಹಿಸಿಕೊಳ್ಳಿ.

ಈ ಹುಡುಗನಿಗೆ ಉರಿ ಬಂತು, ಕೀವು ಬಂತು. ಅವನ ಅದೃಷ್ಟ ಅಂತ ನನಗೆ ಅನಿಸಿತು. ನನಗೆ ಉರಿಯೇ ಬರಲಿಲ್ಲ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಲೋಡ್ ಇಳಿಸಿ ಬಂದು ಒಂದು ತಿಂಗಳಾಗಿರಬೇಕು. ಅಲ್ಲೊಂದು ಹುಣ್ಣು. ಒಂದೇ ಒಂದು. ದುಂಡಗೆ, ಅಂಚು ಗಟ್ಟಿ. ಮುಟ್ಟಿದರೂ ನೋವಿಲ್ಲ. ನೋವಿಲ್ಲ ಅಂದ ಮೇಲೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಕೊಬ್ಬರಿ ಎಣ್ಣೆ ಹಚ್ಚಿದೆ. ತಿಂಗಳೊಳಗೆ ತಾನೇ ಮಾಯಿತು. ಎಣ್ಣೆಯಿಂದಲೇ ಹೋಯಿತು ಅಂದುಕೊಂಡೆ. ಇನ್ನೊಬ್ಬ ಡ್ರೈವರ್‌ಗೂ ಎಣ್ಣೆ ಹಚ್ಚು ಅಂತ ಹೇಳಿದೆ, ನೋಡಿ ಎಂಥ ಬುದ್ಧಿ.

ಆಮೇಲೆ ಒಂದೆರಡು ತಿಂಗಳಿಗೆ ಅಂಗೈ, ಅಂಗಾಲಿನಲ್ಲಿ ಕಂದು ಮಚ್ಚೆ ಬಂತು. ಕಡಿತ ಇಲ್ಲ. ಸ್ವಲ್ಪ ಜ್ವರ. ಡೀಸೆಲ್, ಗ್ರೀಸ್ ಅಲರ್ಜಿ ಇರಬೇಕು ಅಂದುಕೊಂಡೆ. ಅದೂ ತಾನೇ ಹೋಯಿತು.

ಆ ವರ್ಷ ಹೆಂಡತಿಗೆ ಏಳನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಮನೆಯಲ್ಲಿ ಗ್ರಹಚಾರ ಅಂದರು. ಶಾಂತಿ ಮಾಡಿಸಿದೆವು. ಮತ್ತೆ ಬಸುರಿಯಾದಾಗ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ನನ್ನನ್ನು ಕರೆಸಿದರು. ಡಾಕ್ಟರಮ್ಮ ಬೈಯಲಿಲ್ಲ. "ಅಂಗೈಯಲ್ಲಿ ಯಾವತ್ತಾದರೂ ಮಚ್ಚೆ ಬಂದಿತ್ತಾ?" ಅಂತ ಕೇಳಿದರು ಅಷ್ಟೆ. ನನಗೆ ನಿಂತ ನೆಲ ಕುಸಿದ ಹಾಗಾಯಿತು.

ಇಬ್ಬರಿಗೂ ವಾರಕ್ಕೊಂದು ಸಲದಂತೆ ಮೂರು ವಾರ ಪೆನಿಸಿಲಿನ್ ಇಂಜೆಕ್ಷನ್ ಚುಚ್ಚಿದರು. ಸೊಂಟ ಕಲ್ಲಾಗಿತ್ತು. ಎರಡನೇ ಮಗು ಚೆನ್ನಾಗಿ ಹುಟ್ಟಿತು. ಅವನ ಫೋನೇ ಇದು.

ಮಂಡಿ_ಲೆಕ್ಕ · ಸೋಮವಾರ ರಾತ್ರಿ 11.20

ಅಣ್ಣ, ಇದನ್ನು ಬರೆಯಲು ನಿಮಗೆ ಎಷ್ಟು ಕಷ್ಟ ಆಯಿತೋ.

ನಮ್ಮ ಅಜ್ಜಿ ಇದಕ್ಕೆ ಪರಂಗಿ ಹುಣ್ಣು ಅನ್ನುತ್ತಿದ್ದಳು. ಸಣ್ಣವನಿದ್ದಾಗ ನಾನು ಪರಂಗಿ ಹಣ್ಣು ತಿಂದರೆ ಬರುವ ರೋಗ ಅಂತ ಹೆದರಿ ಆ ಹಣ್ಣನ್ನೇ ಮುಟ್ಟುತ್ತಿರಲಿಲ್ಲ. ಹಣ್ಣಿಗೂ ಹುಣ್ಣಿಗೂ ಒಂದು ಕೊಂಬಿನ ವ್ಯತ್ಯಾಸ. ಎರಡೂ ಫಿರಂಗಿಯವರ ಜೊತೆ ಬಂದವು ಅಂತ ಈ ಹೆಸರು. 16ನೇ ಶತಮಾನದ ಆಯುರ್ವೇದ ಗ್ರಂಥದಲ್ಲೇ 'ಫಿರಂಗ ರೋಗ' ಅಂತ ಬರುತ್ತದೆ. ನಾವು ಪರದೇಶದವರ ಹೆಸರಿಟ್ಟೆವು. ಯುರೋಪಿನಲ್ಲಿ ಇಟಲಿಯವರು ಇದನ್ನು ಫ್ರೆಂಚರ ರೋಗ ಅಂದರು, ಫ್ರೆಂಚರು ನೇಪಲ್ಸಿನ ರೋಗ ಅಂದರು. ಯಾರಿಗೂ ತಮ್ಮ ಮನೆಯದು ಅನ್ನಿಸಲಿಲ್ಲ.

ಸುರಕ್ಷಾ_ಅಕ್ಕ · ಮಂಗಳವಾರ ಬೆಳಿಗ್ಗೆ 8.30

ಲಾರಿ ಅಣ್ಣ ಬರೆದದ್ದು ಸಿಫಿಲಿಸ್. ಅವರು ಹೇಳಿದ ಕ್ರಮ ಪಾಠದ ಪುಸ್ತಕದಲ್ಲಿ ಇದ್ದ ಹಾಗೇ ಇದೆ. ಸೋಂಕು ತಗುಲಿ 10ರಿಂದ 90 ದಿನದೊಳಗೆ ನೋವಿಲ್ಲದ ಹುಣ್ಣು, ಸಾಮಾನ್ಯವಾಗಿ ಮೂರು ವಾರಕ್ಕೆ. ಔಷಧಿ ಇಲ್ಲದೆಯೂ ಅದು ಮಾಯುತ್ತದೆ. ಆಮೇಲೆ ಅಂಗೈ, ಅಂಗಾಲಿನ ಮಚ್ಚೆ. ಅದೂ ಹೋಗುತ್ತದೆ. ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ರಕ್ತದಲ್ಲಿ ಮಾತ್ರ ಕೂತಿರುತ್ತದೆ. ಕೆಲವರಿಗೆ ಹತ್ತಿಪ್ಪತ್ತು ವರ್ಷದ ಮೇಲೆ ಹೃದಯದ ದೊಡ್ಡ ರಕ್ತನಾಳಕ್ಕೆ, ಮಿದುಳಿಗೆ ಕೈ ಹಾಕುತ್ತದೆ. ಕಣ್ಣು, ಕಿವಿ, ನರಗಳಿಗಂತೂ ಮೊದಲ ವರ್ಷಗಳಲ್ಲೇ ಬರಬಹುದು.

ಪತ್ತೆ ಮಾಡಲು ಮೊದಲು ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ರಕ್ತ ಪರೀಕ್ಷೆ ಮಾಡುತ್ತಾರೆ. ಮೊದಮೊದಲೇ ಸಿಕ್ಕರೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಒಂದೇ ಸಲ. ಹಳೆಯದಾಗಿದ್ದರೆ ಅಣ್ಣನಿಗೆ ಕೊಟ್ಟ ಹಾಗೆ ಮೂರು ವಾರ. ಗೊನೋರಿಯಾ ಎಷ್ಟೆಲ್ಲ ಔಷಧಿ ಮೀರಿತು ನೋಡಿ. ಇದು ಮಾತ್ರ ಇವತ್ತಿಗೂ ಪೆನಿಸಿಲಿನ್‌ಗೆ ತಲೆ ಬಾಗುತ್ತದೆ. ಬಸುರಿಯರಿಗೆ ಮೊದಲ ಭೇಟಿಯಲ್ಲೇ ಈ ಪರೀಕ್ಷೆ ಮಾಡಿಸುವುದು ಇದಕ್ಕೇ. ತಾಯಿಗೆ ಸಮಯಕ್ಕೆ ಇಂಜೆಕ್ಷನ್ ಸಿಕ್ಕರೆ ಮಗು ಉಳಿಯುತ್ತದೆ.

ಮುಳಬಾಗಿಲು_ದೋಸೆ · ಮಂಗಳವಾರ ಬೆಳಿಗ್ಗೆ 10.00

ನಿನ್ನೆ ಸುಮ್ನೆ ಎಳನೀರು ಅಂತ ಬಾಯಿ ಹಾಕಿದೆ, ಕ್ಷಮಿಸಿ. ಈಗ ನನಗೇ ಭಯ ಶುರುವಾಗಿದೆ. ತೊಡೆ ಸಂದಿನಲ್ಲಿ ಎರಡು ತಿಂಗಳಿಂದ ತುರಿಕೆ. ದುಂಡು ದುಂಡು ಕೆಂಪು ಗುರುತು. ಟ್ಯೂಬ್ ಹಚ್ಚಿದರೆ ಹೋಗುತ್ತದೆ, ಬಿಟ್ಟರೆ ಮೊದಲಿಗಿಂತ ಜಾಸ್ತಿ ಬರುತ್ತದೆ. ನಾನು ಯಾವ ಟ್ರಿಪ್ಪಿಗೂ ಹೋಗಿಲ್ಲ, ಸತ್ಯವಾಗಿ.

ಔಷಧಿ_ಡಬ್ಬಿ · ಮಂಗಳವಾರ ಬೆಳಿಗ್ಗೆ 10.25

ಅದು ಹುಳುಕಡ್ಡಿ ಇರಬೇಕು ದೋಸೆ ಅಣ್ಣ. ಫಂಗಸ್. ಬೆವರು, ಜೀನ್ಸು ಸೇರಿದರೆ ಬರುತ್ತದೆ. ಟ್ಯೂಬಿನ ಹಿಂದೆ ಓದಿ ನೋಡಿ. 'ಕ್ಲೋಬೆಟಸಾಲ್' ಅಂತ ಇದ್ದರೆ ಅದು ಸ್ಟೀರಾಯ್ಡ್. ತುರಿಕೆ ಅಡಗುತ್ತದೆ, ಫಂಗಸ್ ಮಾತ್ರ ಕೊಬ್ಬಿ ಬೆಳೆಯುತ್ತದೆ. ಎಸೆದು ಚರ್ಮದ ಡಾಕ್ಟರ್‌ಗೆ ತೋರಿಸಿ. ಸೊಂಟದ ಕೆಳಗೆ ಬಂದದ್ದೆಲ್ಲ ಗುಪ್ತ ರೋಗ ಅಲ್ಲ.

ಅಂದ ಹಾಗೆ, ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ, ರೈಲಿನ ಬಾಗಿಲ ಹಿಂದೆ 'ಗುಪ್ತ ರೋಗಕ್ಕೆ ಶಾಶ್ವತ ಪರಿಹಾರ, ಲಾಡ್ಜ್‌ನಲ್ಲಿ ಭೇಟಿ' ಅಂತ ಅಂಟಿಸಿರುತ್ತಾರಲ್ಲ, ಆ ಕಡೆ ಮಾತ್ರ ಹೋಗಬೇಡಿ. ಅವರಿಗೆ ಬಂದವರೆಲ್ಲರಿಗೂ ಧಾತು ನಷ್ಟವೇ ಇರುತ್ತದೆ. ಆರೋಗ್ಯವಾಗಿರುವ ಹುಡುಗರ ಹತ್ತಿರ ಸಾವಿರಗಟ್ಟಲೆ ಕಿತ್ತು ಲೇಹ್ಯ ಕೊಡುತ್ತಾರೆ.

ಬಾದಾಮಿ_ಮಾವು · ಮಂಗಳವಾರ ಮಧ್ಯಾಹ್ನ 3.00

ಶ್ರೀನಿವಾಸಪುರ ಕಡೆಯವಳು. ಎಲ್ಲ ಗಂಡಸರೇ ಮಾತಾಡುತ್ತಿದ್ದೀರಿ, ನಮ್ಮದೂ ಸ್ವಲ್ಪ ಕೇಳಿ.

ನನಗೆ ಬಿಳುಪು ಹೋಗುವುದು ಶುರುವಾಗಿ ಒಂದೂವರೆ ವರ್ಷ ಅನುಭವಿಸಿದೆ. ತಿಂಗಳಲ್ಲಿ ಕೆಲವು ದಿನ ತೆಳ್ಳಗೆ, ವಾಸನೆ ಇಲ್ಲದೆ ಹೋಗುವುದು ಮಾಮೂಲು, ಅದು ಎಲ್ಲ ಹೆಂಗಸರಿಗೂ ಗೊತ್ತು. ಇದು ಹಾಗಿರಲಿಲ್ಲ. ಹಸಿರು ಮಿಶ್ರಿತ ಹಳದಿ, ನೊರೆನೊರೆ, ಕೆಟ್ಟ ವಾಸನೆ, ತುರಿಕೆ. ಅತ್ತೆ 'ಉಷ್ಣ' ಅಂದರು. ಓರಗಿತ್ತಿ ಡೆಟಾಲ್ ನೀರಿನಲ್ಲಿ ತೊಳೆ ಅಂದಳು. ತೊಳೆದು ಸುಟ್ಟುಕೊಂಡೆ.

ನಾಲ್ಕು ಸಲ ಔಷಧಿ ತೆಗೆದುಕೊಂಡೆ. ಪ್ರತಿ ಸಲ ಹೋಗುತ್ತಿತ್ತು. ಎರಡು ತಿಂಗಳಿಗೆ ಮತ್ತೆ ಹಾಜರು. ಐದನೇ ಸಲ ಬೇರೆ ಕಡೆ ತೋರಿಸಿದಾಗ ಆ ಡಾಕ್ಟರ್ ಸ್ಲೈಡ್ ಮಾಡಿ ನೋಡಿ 'ಟ್ರೈಕೊಮೊನಾಸ್' ಅಂದರು. ಬರಿಗಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿಯಂತೆ. ಮೆಟ್ರೊನಿಡಜೋಲ್ ಬರೆದರು. ಆಮೇಲೆ ಕೇಳಿದರು, "ಗಂಡ ಮಾತ್ರೆ ತೆಗೆದುಕೊಂಡಿದ್ದಾರಾ?" ಒಂದೂವರೆ ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಗಂಡಸರಿಗೆ ಇದು ಇದ್ದರೂ ಬಹಳ ಸಲ ಏನೂ ಕಾಣುವುದಿಲ್ಲ. ನಮ್ಮವರು "ನನಗೆ ಏನಾಗಿದೆ? ನಾನ್ಯಾಕೆ ತಿನ್ನಲಿ?" ಅಂತ ಕೂಗಾಡಿದರು. ನಾನು ಎರಡು ಸ್ಟ್ರಿಪ್ ಮೇಜಿನ ಮೇಲಿಟ್ಟು, ಒಂದು ನನ್ನದು, ಒಂದು ನಿಮ್ಮದು, ನಿಮ್ಮದು ಖಾಲಿ ಆಗುವ ತನಕ ನಾನು ಅಮ್ಮನ ಮನೆಯಲ್ಲಿ ಇರುತ್ತೇನೆ ಅಂದೆ. ಮಾವಿನ ಸುಗ್ಗಿ ಟೈಮು. ತೋಟದಲ್ಲಿ ಕೂಲಿಯವರಿಗೆ ಅಡುಗೆ ಯಾರು ಮಾಡಬೇಕು? ಎಂಟನೇ ದಿನ ಖಾಲಿ ಸ್ಟ್ರಿಪ್ಪಿನ ಫೋಟೊ ಬಂತು.

ಸುರಕ್ಷಾ_ಅಕ್ಕ · ಮಂಗಳವಾರ ಮಧ್ಯಾಹ್ನ 3.40

ಖಾಲಿ ಸ್ಟ್ರಿಪ್ಪಿನ ಫೋಟೊ! ನನ್ನ ಸರ್ವಿಸ್‌ನಲ್ಲೇ ಇಂಥದ್ದು ಕೇಳಿಲ್ಲ.

ಒಂದು ಸೇರಿಸುತ್ತೇನೆ, ಸುಮ್ನೆ ಗಂಡನ ಮೇಲೆ ಅನುಮಾನ ಪಡುವುದು ಬೇಡ ಅಂತ. ಮೊಸರು ಒಡೆದ ಹಾಗೆ ಗಟ್ಟಿ ಬಿಳುಪು, ವಿಪರೀತ ತುರಿಕೆ ಇದ್ದರೆ ಅದು ಕ್ಯಾಂಡಿಡಾ ಎನ್ನುವ ಫಂಗಸ್. ಸಕ್ಕರೆ ಕಾಯಿಲೆ ಇದ್ದರೆ, ಬಸುರಿಯಾಗಿದ್ದರೆ, ಆಂಟಿಬಯೋಟಿಕ್ ತಿಂದ ಮೇಲೆ ಬರುತ್ತದೆ. ಇದನ್ನು ಲೈಂಗಿಕ ರೋಗ ಅಂತ ಲೆಕ್ಕ ಹಾಕುವುದಿಲ್ಲ. ತೆಳ್ಳಗೆ ಬೂದು ಬಣ್ಣ, ಮೀನಿನ ವಾಸನೆ ಇರುವುದು ಇನ್ನೊಂದು. ಒಳಗೆ ಇರಬೇಕಾದ ಒಳ್ಳೆಯ ಬ್ಯಾಕ್ಟೀರಿಯಾ ಕಮ್ಮಿಯಾಗಿ ಬರುವಂಥದ್ದು. ಡೆಟಾಲ್ ಹಾಕಿ ತೊಳೆದರೆ ಆ ಒಳ್ಳೆಯದೂ ಸಾಯುತ್ತದೆ.

ನಿಜವಾಗಿ ಕಷ್ಟ ಇರುವುದು ಕ್ಲಮೀಡಿಯಾ, ಗೊನೋರಿಯಾದಲ್ಲಿ. ಹೆಚ್ಚಿನ ಹೆಂಗಸರಿಗೆ ಏನೂ ಗೊತ್ತಾಗುವುದಿಲ್ಲ. ಒಳಗೊಳಗೇ ಗರ್ಭಕೋಶ, ಗರ್ಭನಾಳಕ್ಕೆ ಹತ್ತಿ ಕಿಬ್ಬೊಟ್ಟೆ ನೋವು ಬರುತ್ತದೆ. ನಾಳ ಮುಚ್ಚಿಕೊಂಡರೆ ಮಕ್ಕಳಾಗುವುದಿಲ್ಲ. ಆಮೇಲೆ ಬಂಜೆ ಅನ್ನುವ ಮಾತು ಅವಳಿಗೇ.

ಹೊಸಬ_ಬಂಗಾರಪೇಟೆ · ಮಂಗಳವಾರ ರಾತ್ರಿ 9.15

ನೀರುಗುಳ್ಳೆ ಗುಂಪಾಗಿ ಬಂದು, ಒಡೆದು, ಜೀವ ಹೋಗುವ ಹಾಗೆ ಉರಿದು, ಹತ್ತು ದಿನಕ್ಕೆ ಒಣಗುತ್ತದೆ. ಮೂರು ತಿಂಗಳಿಗೆ ಮತ್ತೆ ಅದೇ ಜಾಗದಲ್ಲಿ. ಇದೂ ಸಿಫಿಲಿಸ್ಸಾ? ಕಾಂಡೋಮ್ ಹಾಕಿದರೂ ಇದೆಲ್ಲ ಬರುತ್ತದಾ?

ಸುರಕ್ಷಾ_ಅಕ್ಕ · ಮಂಗಳವಾರ ರಾತ್ರಿ 9.50

ನೋವಿನ ಗುಳ್ಳೆ, ಅದೇ ಜಾಗ, ಮತ್ತೆ ಮತ್ತೆ ಅಂದರೆ ಹರ್ಪಿಸ್ ಇರಬಹುದು. ತೋರಿಸಿ ಖಚಿತ ಮಾಡಿಕೊಳ್ಳಿ. ವೈರಸ್ ನರದ ಬುಡದಲ್ಲಿ ಮಲಗಿರುತ್ತದೆ, ಪೂರ್ತಿ ಹೋಗುವುದಿಲ್ಲ. ಎಸೈಕ್ಲೋವಿರ್ ಶುರುವಿನಲ್ಲೇ ತೆಗೆದುಕೊಂಡರೆ ಬೇಗ ಒಣಗುತ್ತದೆ. ವರ್ಷ ಕಳೆದ ಹಾಗೆ ಬರುವುದೂ ಕಮ್ಮಿಯಾಗುತ್ತದೆ. ಗುಳ್ಳೆ ಇದ್ದಾಗ ಯಾರ ಜೊತೆಗೂ ಬೇಡ.

ಕಾಂಡೋಮ್ ಎಚ್‌ಐವಿ, ಗೊನೋರಿಯಾ, ಕ್ಲಮೀಡಿಯಾವನ್ನು ಚೆನ್ನಾಗಿ ತಡೆಯುತ್ತದೆ. ಹರ್ಪಿಸ್, ಸಿಫಿಲಿಸ್, ಹೂಕೋಸಿನ ಹಾಗೆ ಗಂಟು ಬರುವ ಎಚ್‌ಪಿವಿ, ಇವು ಕಾಂಡೋಮ್ ಮುಚ್ಚದ ಚರ್ಮದಿಂದಲೂ ದಾಟುತ್ತವೆ. ಅದಕ್ಕೆ ಅಲ್ಲಿ ಪೂರ್ತಿ ರಕ್ಷಣೆ ಇಲ್ಲ, ಆದರೂ ಅಪಾಯ ಕಮ್ಮಿ ಮಾಡುತ್ತದೆ. ಕಾಂಡೋಮ್ ಜೊತೆ ಕೊಬ್ಬರಿ ಎಣ್ಣೆ ಮಾತ್ರ ಹಚ್ಚಬೇಡಿ, ರಬ್ಬರ್ ಹರಿಯುತ್ತದೆ. ಎಚ್‌ಪಿವಿಗೆ, ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ಎಚ್‌ಪಿವಿ ಲಸಿಕೆ ಬಗ್ಗೆ ಕೇಳಿ. ಗರ್ಭಕಂಠದ ಕ್ಯಾನ್ಸರ್ ತರುವುದು ಇದೇ ವೈರಸ್.

ನೈಟ್‌ಶಿಫ್ಟ್_ನರಸಾಪುರ · ಬುಧವಾರ ಸಂಜೆ 5.20

ಹೋಗಿ ಬಂದೆ.

ಚೀಟಿ ಸಾಲಿನಲ್ಲಿ ನಿಂತಾಗ ನಮ್ಮೂರಿನ ಒಬ್ಬರು ಸಿಕ್ಕರು. "ಏನಪ್ಪಾ ಇಲ್ಲಿ?" ಅಂದರು. ಅಲರ್ಜಿ ಅಂದೆ. ಅವರೂ ಮುಖ ತಿರುಗಿಸಿದರು. ಅವರಿಗೆ ಏನಿತ್ತೋ ಏನೋ.

ಕೌನ್ಸೆಲರ್ ಬಾಗಿಲು ಹಾಕಿಕೊಂಡು ಮಾತಾಡಿದರು. ಕೇಳಬಾರದ್ದು ಅಂದುಕೊಂಡಿದ್ದನ್ನೆಲ್ಲ ಮಳೆ ಬಂತಾ, ಬೆಳೆ ಬಂತಾ ಅನ್ನುವ ಹಾಗೆ ಕೇಳಿದರು. ಡಾಕ್ಟರ್ ನೋಡಿದರು. ಆ ಹನಿಯನ್ನು ಗಾಜಿನ ಮೇಲೆ ತೆಗೆದುಕೊಂಡರು. ಬೂದು ಬಣ್ಣದ ಒಂದು ಕಿಟ್ ಕೊಟ್ಟು ಅಲ್ಲೇ ಎದುರಿಗೆ ನುಂಗಿಸಿದರು. ಅಜಿತ್ರೊಮೈಸಿನ್, ಸೆಫಿಕ್ಸಿಮ್. ಸ್ವಲ್ಪ ಹೊಟ್ಟೆ ತೊಳಸಿತು. ರಕ್ತ ತೆಗೆದರು, ವಿಡಿಆರ್‌ಎಲ್‌ಗೆ, ಎಚ್‌ಐವಿಗೆ. ಎಚ್‌ಐವಿ ಪರೀಕ್ಷೆಗೆ ಮೊದಲು ಒಪ್ಪಿಗೆ ಕೇಳಿದರು. ಎರಡೂ ಈಗ ನೆಗೆಟಿವ್. ಮೂರು ತಿಂಗಳಿಗೆ ಮತ್ತೆ ಮಾಡಿಸಿ ಅಂದರು. ಫ್ಯಾಕ್ಟರಿಗೆ ಗೊತ್ತಾಗುತ್ತದಾ ಅಕ್ಕ?

ಸುರಕ್ಷಾ_ಅಕ್ಕ · ಬುಧವಾರ ಸಂಜೆ 6.00

ಶಭಾಷ್. ಫ್ಯಾಕ್ಟರಿಗೆ ಯಾರೂ ಹೇಳುವುದಿಲ್ಲ. ಎಚ್‌ಐವಿ ವಿಷಯಕ್ಕಂತೂ 2017ರ ಕಾಯ್ದೆಯೇ ಇದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಗುಟ್ಟು ಬಿಟ್ಟುಕೊಡುವಂತಿಲ್ಲ, ಅದನ್ನೇ ಕಾರಣ ಮಾಡಿ ಕೆಲಸದಿಂದ ತೆಗೆಯುವಂತಿಲ್ಲ.

ಮೂರು ತಿಂಗಳ ಪರೀಕ್ಷೆ ತಪ್ಪಿಸಬೇಡಿ. ಈಗಿನ ನೆಗೆಟಿವ್ ಪೂರ್ತಿ ನೆಗೆಟಿವ್ ಅಲ್ಲ. ಎಚ್‌ಐವಿ ರಕ್ತದಲ್ಲಿ ಕಾಣಲು ಸಮಯ ಬೇಕು, ಸಿಫಿಲಿಸ್‌ಗೆ 90 ದಿನದ ತನಕ ಅವಕಾಶ ಇದೆ. ನಿಮ್ಮ ಲೆಕ್ಕದಲ್ಲಿ ಅದು ಮದುವೆಗೆ ಮುಂಚೆಯೇ ಬೀಳುತ್ತದೆ, ಒಳ್ಳೆಯದಾಯಿತು.

ಬೇರೆ ಓದುವವರಿಗೆ: ಇಂಥದ್ದು ಆದ 72 ಗಂಟೆಯೊಳಗೆ ಆಸ್ಪತ್ರೆಗೆ ಓಡಿದರೆ ಎಚ್‌ಐವಿ ತಡೆಯುವ ಮಾತ್ರೆ ಸಿಗಬಹುದು, 28 ದಿನ ತಿನ್ನಬೇಕು. ಬೇಗ ಹೋದಷ್ಟೂ ಒಳ್ಳೆಯದು. ಯಾರನ್ನೂ ಕೇಳಲಾಗದಿದ್ದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಹತ್ತುವುದಿಲ್ಲ. ಒಂದು ವೇಳೆ ಪಾಸಿಟಿವ್ ಬಂದರೂ ಇವತ್ತು ಔಷಧಿ ಉಚಿತ. ದಿನಾ ತಪ್ಪದೆ ತಿಂದು ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದು, ಹಾಗೇ ಉಳಿದರೆ ಸಂಗಾತಿಗೆ ಲೈಂಗಿಕವಾಗಿ ಹರಡುವುದಿಲ್ಲ.

ನೈಟ್‌ಶಿಫ್ಟ್ ಅವರೇ, ಅಲ್ಲಿ ಇನ್ನೊಂದು ಪ್ರಶ್ನೆ ಕೇಳಿರಬೇಕಲ್ಲ. ನೀವು ಬರೆದಿಲ್ಲ.

ನೈಟ್‌ಶಿಫ್ಟ್_ನರಸಾಪುರ · ಬುಧವಾರ ರಾತ್ರಿ 11.30

ಕೇಳಿದರು. ಆಮೇಲೆ ಬೇರೆ ಯಾರ ಜೊತೆಗಾದರೂ ಅಂತ.

ಉರಿ ನಿಂತ ಮೇಲೆ, ಹತ್ತು ದಿನದ ಹಿಂದೆ, ಅವಳು ರೂಮಿಗೆ ಬಂದಿದ್ದಳು. ನಾನು ಮದುವೆಯಾಗುವ ಹುಡುಗಿ. ವಾಸಿ ಆಗಿದೆ ಅಂದುಕೊಂಡಿದ್ದೆ. ಅವಳಿಗೆ ಏನೂ ತೊಂದರೆ ಇಲ್ಲ. ಕೌನ್ಸೆಲರ್ ಒಂದು ಚೀಟಿ ಕೊಟ್ಟಿದ್ದಾರೆ, ಅವಳು ಅದನ್ನು ಕ್ಲಿನಿಕ್ಕಿಗೆ ತಂದು ತೋರಿಸಿದರೆ ಸಾಕು, ಅವಳಿಗೂ ಔಷಧಿ ಕೊಡುತ್ತಾರಂತೆ. ಪರ್ಸಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ.

ಮಂಡಿ_ಲೆಕ್ಕ · ಗುರುವಾರ ಬೆಳಿಗ್ಗೆ 6.50

ಮದುವೆ ಮುರಿಯುತ್ತದೆ ಮಾರಾಯ. ಯೂರಿನ್ ಇನ್ಫೆಕ್ಷನ್ ಅಂತ ಹೇಳಿ ಮಾತ್ರೆ ಕೊಟ್ಟುಬಿಡು. ಅವಳ ಆರೋಗ್ಯವೂ ಉಳಿಯಿತು, ನಿನ್ನ ಮರ್ಯಾದೆಯೂ ಉಳಿಯಿತು.

ಬಾದಾಮಿ_ಮಾವು · ಗುರುವಾರ ಬೆಳಿಗ್ಗೆ 8.10

ಮಂಡಿಯವರೇ, ಸೋಮವಾರ ಅಷ್ಟು ಚೆನ್ನಾಗಿ ಮಾತಾಡಿದವರು ಇವತ್ತು ಹೀಗಾ? ಅವಳಿಗೆ ಪೆನಿಸಿಲಿನ್ ಥರದ ಔಷಧಿ ಆಗಿಬರದಿದ್ದರೆ? ಬಸುರಿಯಾಗಿದ್ದರೆ? ಅವಳಿಗೂ ರಕ್ತ ಪರೀಕ್ಷೆ ಬೇಡವಾ? ಯೂರಿನ್ ಇನ್ಫೆಕ್ಷನ್‌ಗೆ ಯಾರೂ ವಿಡಿಆರ್‌ಎಲ್ ಮಾಡಿಸುವುದಿಲ್ಲ. ಅವಳ ಮೈಯಲ್ಲಿ ಏನಿದೆ ಅಂತ ತಿಳಿಯುವ ಹಕ್ಕು ಅವಳದ್ದು. ಮದುವೆ ಮುರಿದರೆ ಮುರಿಯಲಿ, ಅದನ್ನೂ ಅವಳೇ ತೀರ್ಮಾನಿಸಲಿ.

ಮಂಡಿ_ಲೆಕ್ಕ · ಗುರುವಾರ ಬೆಳಿಗ್ಗೆ 8.30

ವಿಡಿಆರ್‌ಎಲ್ ವಿಷಯ ನನಗೆ ಹೊಳೆಯಲಿಲ್ಲ. ಆ ಮಾತು ವಾಪಸ್.

ಲಾರಿ_ಹಳಬ · ಗುರುವಾರ ರಾತ್ರಿ 10.15

ನಾನು ಹೆಂಡತಿಗೆ ಬಾಯಿಬಿಟ್ಟು ಹೇಳಲೇ ಇಲ್ಲ. ಡಾಕ್ಟರಮ್ಮ ಹೇಳಿದರು. ಅವಳು ಇವತ್ತಿಗೂ ಅದೊಂದನ್ನು ನೆನಪು ಮಾಡುತ್ತಾಳೆ. ರೋಗವನ್ನಲ್ಲ.

ನೈಟ್‌ಶಿಫ್ಟ್_ನರಸಾಪುರ · ಭಾನುವಾರ ರಾತ್ರಿ 9.40

ಇವತ್ತು ಅಂತರಗಂಗೆಗೆ ಹೋಗಿದ್ದೆವು. ಮೆಟ್ಟಿಲು ಹತ್ತುವಾಗ ಹೇಳಬೇಕು ಅಂದುಕೊಂಡೆ, ಆಗಲಿಲ್ಲ. ಬಸವಣ್ಣನ ಬಾಯಿಂದ ನೀರು ಬೀಳುತ್ತದಲ್ಲ, ಅಲ್ಲಿ ಜನ ಜಾಸ್ತಿ. ಇಳಿಯುವಾಗ ಒಂದು ಕಡೆ ಕೂತು ಎಲ್ಲ ಹೇಳಿದೆ. ಟ್ರಿಪ್ಪು, ಮೂರು ಮಾತ್ರೆ, ಕಿಟ್ಟು. ಚೀಟಿ ಅವಳ ಕೈಗೆ ಕೊಟ್ಟೆ. ಹತ್ತಿರದ ಕೋತಿಯೊಂದು ತಿನ್ನುವುದಿರಬೇಕು ಅಂತ ಅದನ್ನು ಕಿತ್ತುಕೊಳ್ಳಲು ಬಂತು. ಅವಳು ಮುಷ್ಟಿಯಲ್ಲಿ ಬಿಗಿ ಹಿಡಿದುಕೊಂಡಳು. ಒಂದು ಮಾತೂ ಆಡಲಿಲ್ಲ. ಬಸ್ ಹತ್ತಿ ಹೋದಳು.

ಈಗ ಮೆಸೇಜ್ ಬಂದಿದೆ. ಒಂದೇ ಸಾಲು. "ಆ ಕ್ಲಿನಿಕ್ ಎಷ್ಟು ಗಂಟೆಗೆ ತೆಗೆಯುತ್ತಾರೆ?"

ಸುರಕ್ಷಾ_ಅಕ್ಕ · ಭಾನುವಾರ ರಾತ್ರಿ 9.55

ಬೆಳಿಗ್ಗೆ ಒಂಬತ್ತಕ್ಕೆ ಬರಲಿ, ಸಾಲು ಕಮ್ಮಿ ಇರುತ್ತದೆ. ಲೇಡಿ ಡಾಕ್ಟರ್ ಬೇಕು ಅಂತ ಕೇಳಬಹುದು. ಮುಟ್ಟು ತಪ್ಪಿದ್ದರೆ ಮೊದಲೇ ಹೇಳಲಿ, ಔಷಧಿ ಬದಲಾಗಬಹುದು. ಇಬ್ಬರೂ ಔಷಧಿ ಮುಗಿಸಿ ಏಳು ದಿನ ಆಗುವ ತನಕ ಏನೂ ಬೇಡ. ನೀವು ಜೊತೆಗೆ ಹೋಗಬೇಕಾ ಬೇಡವಾ ಅಂತ ಅವಳನ್ನೇ ಕೇಳಿ.